ನಾರ್ಕೊಂಡಂ ದ್ವೀಪದ ಮಂಗಟ್ಟೆ ಹಕ್ಕಿ ಮತ್ತು ಹ್ಯೂಮ್ ಸಾಹೇಬರು

ಅಲನ್ ಆಕ್ಟೇವಿಯನ್ ಹ್ಯೂಮ್ ಅವರ ಹೆಸರನ್ನು ಕೇಳದ ವಿದ್ಯಾರ್ಥಿ ವಿರಳ. 1885ರ ಡಿಸೆಂಬರಿನಲ್ಲಿ 72 ಮಂದಿ ಪ್ರತಿನಿಧಿಗಳು ಮುಂಬಯಿಯಲ್ಲಿ ಕೂಡಿ ಕಾಂಗ್ರೆಸ್ ಮಹಾಸಭೆಗೆ ತಳಹದಿ ಹಾಕಿದಾಗ, ಅದಕ್ಕಾಗಿ ಮುಂದೆ ನಿಂತು ದುಡಿದ ಆಂಗ್ಲ ಮಹನೀಯರು ಅವರೆಂಬುದು ಇತಿಹಾಸದ ಪಾಠ. ಆದರೆ ಅವರ ಆಯುಷ್ಯದ ಬಹುಭಾಗ ಹಕ್ಕಿಗಳ ಬೆನ್ನು ಹತ್ತಿ ಕಳೆಯಿತೆಂದು ನಾನು ತರಗತಿಯಲ್ಲಿ ಹೇಳಿದಾಗಲೆಲ್ಲ ಹುಡುಗರು ಅಚ್ಚರಿಪಡುತ್ತಾರೆ. ನಾನಾದರೋ ಅವರನ್ನು ಹೆಚ್ಚಾಗಿ ನೆನೆಯುವುದು ಕಡಲ ನಡುವಣ ಒಂದು ಪುಟ್ಟ ದ್ವೀಪದ ಹಕ್ಕಿಯ ನಿಮಿತ್ತವಾಗಿ.

ಹ್ಯೂಮ್ ಅವರು ಜನಿಸಿದುದು 1829ರ ಜೂನ್ ತಿಂಗಳಿನಲ್ಲಿ. ತಂದೆ ಜೋಸೆಫ್ ಹ್ಯೂಮ್ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಸುಧಾರಣೆಯ ಪಕ್ಷಪಾತಿಯೆಂದು ಹೆಸರಾದವರು. ಮಗ 1849ರಲ್ಲಿ ಭಾರತಕ್ಕೆ ಬಂದು ಉತ್ತರದ ಇಟಾವಾ ಜಿಲ್ಲೆಯಲ್ಲಿ ನೌಕರಿಗೆ ನಿಂತರು. ಅಲ್ಲಿ ಶಾಲೆಗಳನ್ನು ತೆರೆಸಿದರು. 1857ರ ಬಂಡಾಯದ ದಿನಗಳನ್ನು ಅಲ್ಲಿಯೇ ಕಂಡರು. ಮುಂದೆ ಕಂದಾಯ, ಕೃಷಿ ಮತ್ತು ವಾಣಿಜ್ಯ ಇಲಾಖೆಯ ಕಾರ್ಯದರ್ಶಿಯಾದರು. ಮೇಲಿನವರ ಮುಖ ನೋಡಿ ಮಾತನಾಡುವ ಜಾಯಮಾನ ಅವರದಾಗಿರಲಿಲ್ಲ. 1879ರಲ್ಲಿ ಸರ್ಕಾರ ಅವರನ್ನು ಆ ಪದವಿಯಿಂದ ಕೆಳಗಿಳಿಸಿತು.

ಕಚೇರಿಯ ಕಾಗದಗಳ ನಡುವೆಯೂ ಪಕ್ಷಿಶಾಸ್ತ್ರ ಅವರ ಕೈ ಬಿಡಲಿಲ್ಲ. 1872ರಲ್ಲಿ 'ಸ್ಟ್ರೇ ಫೆದರ್ಸ್' ಎಂಬ ಪತ್ರಿಕೆಯನ್ನು ಪ್ರಾರಂಭಿಸಿದರು. ಮರುವರ್ಷ ಭೂಗರ್ಭಶಾಸ್ತ್ರಜ್ಞರಾದ ವ್ಯಾಲೆಂಟೈನ್ ಬಾಲ್, ಸ್ಟೋಲಿಚ್ಕಾ ಮೊದಲಾದವರೊಡನೆ ಬಂಗಾಳ ಉಪಸಾಗರದ ದ್ವೀಪಗಳಿಗೆ ಹಡಗೇರಿದರು. ಅಂಡಮಾನಿನ ಪೂರ್ವಕ್ಕೆ ಒಂಟಿಯಾಗಿ ನಿಂತಿರುವ ನಾರ್ಕೊಂಡಂ ಅವುಗಳಲ್ಲೊಂದು. ನರಕಕುಂಡ ಎಂಬ ಮಾತೇ ಹೀಗಾಯಿತೆಂದು ಹೇಳುವವರುಂಟು.

ಅದು ಅಗ್ನಿಪರ್ವತದಿಂದ ಹುಟ್ಟಿದ ನೆಲ. ನಮಗೆ ಇದು ತೀರ ದೂರದ ಸಂಗತಿಯಲ್ಲ. ಮಂಗಸೂಳಿಯ ಖಂಡೋಬನ ದರ್ಶನಕ್ಕೆ ಬರುವ ಭಕ್ತರು ತುಳಿಯುವ ಎರೆಮಣ್ಣೂ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದ ಕರಿಗಲ್ಲು ಸವೆದು ಆದುದೇ. ನಮ್ಮಲ್ಲಿ ಅದರ ಮೇಲೆ ಜೋಳ ಬೆಳೆಯಿತು, ಕಬ್ಬು ಬೆಳೆಯಿತು. ನಾರ್ಕೊಂಡಂನಲ್ಲಿ ದಟ್ಟವಾದ ಕಾಡು ಬೆಳೆಯಿತು. ಸುಮಾರು 7 ಚದರ ಕಿಲೋಮೀಟರ್ ವಿಸ್ತಾರದ, 700 ಮೀಟರಿಗೂ ಮಿಕ್ಕ ಎತ್ತರದ ಆ ದ್ವೀಪದಲ್ಲಿ ಒಂದು ಮಂಗಟ್ಟೆ ಹಕ್ಕಿಯುಂಟು. ಗಂಡಿಗೆ ಕೆಂಗಂದು ಕೊರಳು, ಹೆಣ್ಣಿಗೆ ಕಪ್ಪು ಕೊರಳು, ಎರಡಕ್ಕೂ ಬಿಳಿಯ ಬಾಲ. ಹೆಣ್ಣು ಮರದ ಪೊಟರೆಯೊಳಗೆ ಕುಳಿತು ಬಾಗಿಲನ್ನು ಮೆತ್ತಿಕೊಂಡರೆ, ಗಂಡು ಬಿರುಕಿನಿಂದ ಹಣ್ಣು ತಿನ್ನಿಸುತ್ತದೆ. ದಾಂಡೇಲಿಯ ಮಂಗಟ್ಟೆಗೆ ಒಂದು ಕಾಡು ಸಾಲದಾದರೆ ಇನ್ನೊಂದು ಕಾಡುಂಟು. ಈ ಹಕ್ಕಿಗೆ ಜಗತ್ತಿನಲ್ಲಿ ಬೇರೆ ಮನೆಯೇ ಇಲ್ಲ. 1873ರಲ್ಲಿ ಶಾಸ್ತ್ರಲೋಕಕ್ಕೆ ಅದನ್ನು ಪರಿಚಯಿಸಿ, ದ್ವೀಪದ ಹೆಸರನ್ನೇ ಅದಕ್ಕಿಟ್ಟವರು ಹ್ಯೂಮ್.

ಅಂದಿನ ಪಕ್ಷಿಶಾಸ್ತ್ರ ಬಂದೂಕಿನ ಶಾಸ್ತ್ರ. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಹೆಸರುಚೀಟಿ ಕಟ್ಟಿದರೇ ಅರಿವು. ಸಿಮ್ಲಾದ ಹ್ಯೂಮ್ ಅವರ ಮನೆಯಲ್ಲಿ ಇಂತಹ ಸಂಗ್ರಹ ಬೆಟ್ಟದಂತೆ ಬೆಳೆಯಿತು. ಆದರೆ ಥಿಯಾಸಫಿಯ ಸಂಪರ್ಕ ಬಂದ ಮೇಲೆ ಅವರು ಮಾಂಸಾಹಾರವನ್ನು ತೊರೆದರು; ಹಕ್ಕಿಗಳನ್ನು ಕೊಲ್ಲುವುದನ್ನೂ ನಿಲ್ಲಿಸಿದರು. 1880ರ ದಶಕದಲ್ಲಿ, ವರ್ಷಗಟ್ಟಲೆ ಶ್ರಮಿಸಿ ಬರೆದ ಹಸ್ತಪ್ರತಿಯ ಬಹುಭಾಗವನ್ನು ಮನೆಯ ಆಳೊಬ್ಬ ರದ್ದಿ ಕಾಗದವೆಂದು ಮಾರಿಬಿಟ್ಟ. ಬರೆಯಬೇಕೆಂದಿದ್ದ ಮಹಾಗ್ರಂಥ ಅಲ್ಲಿಗೆ ಮುಗಿಯಿತು. 80,000ದಷ್ಟಿದ್ದ ಸಂಗ್ರಹವನ್ನು ಅವರು ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನವಾಗಿತ್ತು, ದೇಶದ ಕೆಲಸಕ್ಕೆ ತಿರುಗಿದರು. 1894ರಲ್ಲಿ ಇಂಗ್ಲೆಂಡಿಗೆ ಮರಳಿ, ಮುಪ್ಪಿನಲ್ಲಿ ಸಸ್ಯಗಳ ಅಭ್ಯಾಸಕ್ಕೆ ತೊಡಗಿ, 1910ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಸಸ್ಯಶಾಸ್ತ್ರ ಸಂಸ್ಥೆಯೊಂದನ್ನು ಸ್ಥಾಪಿಸಿದರು. 1912ರ ಜುಲೈ 31ರಂದು ತೀರಿಕೊಂಡರು.

ಹಕ್ಕಿಯ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಜನವಸತಿಯಿಲ್ಲದ ದ್ವೀಪದಲ್ಲಿ 1960ರ ದಶಕದ ಕೊನೆಗೆ ಪೊಲೀಸ್ ಠಾಣೆ ಬಂದಿತು. ಆಹಾರಕ್ಕೆಂದು ತಂದ ಮೇಕೆಗಳು ಕಾಡು ಸೇರಿ ಸಂತತಿ ಬೆಳೆಸಿ ಎಳೆಯ ಸಸಿಗಳನ್ನು ಮೇದವು. ಮಂಗಟ್ಟೆ ಹಣ್ಣು ತಿಂದು ಬಿತ್ತಿದ ಬೀಜ ಮರವಾಗಬೇಕು. ಆ ಮರವೇ ಮುಂದೆ ಹಕ್ಕಿಗೆ ಹಣ್ಣನ್ನೂ ಪೊಟರೆಯನ್ನೂ ಕೊಡಬೇಕು. ಸಸಿ ಮೇಕೆಯ ಬಾಯಿಗೆ ಬಿದ್ದರೆ ಈ ಸರಪಳಿಯೇ ಕಡಿದಂತೆ. 1977ರಲ್ಲಿ ದ್ವೀಪ ವನ್ಯಜೀವಿಧಾಮವಾಯಿತು. ಕಾಲಕ್ರಮದಲ್ಲಿ ಮೇಕೆಗಳನ್ನು ತೆಗೆಯಲಾಯಿತು. ಅಲ್ಲಿ ರೇಡಾರ್ ಸ್ಥಾಪಿಸುವ ಯೋಜನೆಯನ್ನು 2012ರಲ್ಲಿ ಪರಿಸರ ಸಚಿವಾಲಯ ಒಪ್ಪಲಿಲ್ಲ. 2014ರಲ್ಲಿ ಸರ್ಕಾರ ಅದನ್ನು ಮತ್ತೆ ಕೈಗೆತ್ತಿಕೊಂಡಿತು. ದೇಶದ ಗಡಿಯ ಕಾವಲು ಕ್ಷುಲ್ಲಕ ಮಾತಲ್ಲ. ಆದರೆ ಕಾವಲಿನ ಠಾಣೆಗೆ ಇನ್ನೊಂದು ಸ್ಥಳವನ್ನು ಹುಡುಕಬಹುದು, ಹಕ್ಕಿಗೆ ಹುಡುಕಲಾಗದು.

2020ರಲ್ಲಿ ಪ್ರಕಟವಾದ ಅಧ್ಯಯನದಂತೆ ದ್ವೀಪದಲ್ಲಿರುವ ಮಂಗಟ್ಟೆಗಳು ಸುಮಾರು 1,000. ನಮ್ಮ ಸೀಮೆಯ ಒಂದು ಸಾಧಾರಣ ಕಾಲೇಜಿನ ವಿದ್ಯಾರ್ಥಿಗಳಷ್ಟು. ಇಡೀ ಕುಲವೇ ಅಷ್ಟು. ಹ್ಯೂಮ್ ಅವರ ಜೀವನದಲ್ಲಿ ಪದವಿ, ಪತ್ರಿಕೆ, ಮಹಾಸಭೆ ಇವೆಲ್ಲ ದೊಡ್ಡವೇ. ನನಗೆ ಮಾತ್ರ, ಬಲ್ಲ ಕೈಯೇ ಬಂದೂಕನ್ನು ಕೆಳಗಿಟ್ಟುದು ಅವೆಲ್ಲಕ್ಕಿಂತ ಹಿರಿದಾಗಿ ತೋರುತ್ತದೆ. ಹಕ್ಕಿಗೆ ಹೆಸರಿಡುವ ಕೆಲಸವನ್ನು ಅವರು ಮುಗಿಸಿ ಹೋದರು. ಅದನ್ನು ಉಳಿಸುವ ಕೆಲಸ ನಮ್ಮ ಪಾಲಿಗೆ ಬಂದಿದೆ.