ಭೀಮೆಯ ಮೇಲ್ದಂಡೆಯಿಂದ ಮೂಸಿಯವರೆಗೆ: ಸರ್ ಎಂ. ವಿಶ್ವೇಶ್ವರಯ್ಯ

ಎಂಟನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮಾಸ್ತರರು ಕರಿಹಲಗೆಯ ಮೇಲೆ ಸೂರ್ಯ, ಸಮುದ್ರ, ಮೋಡ, ಹೊಳೆ ಬರೆದು, ಬಾಣದ ಗುರುತು ಹಾಕಿ ಜಲಚಕ್ರ ಕಲಿಸಿದ್ದರು. ಸೂರ್ಯನ ಶಾಖಕ್ಕೆ ಸಮುದ್ರದ ನೀರು ಉಪ್ಪನ್ನು ಅಲ್ಲೇ ಬಿಟ್ಟು ಆವಿಯಾಗುತ್ತದೆ. ಸಹ್ಯಾದ್ರಿಯಲ್ಲಿ ಮಳೆಯಾಗಿ, ಭೀಮೆಯಾಗಿ ಅಫಜಲಪುರ, ಜೇವರ್ಗಿ ದಾಟಿ ಕೃಷ್ಣೆಗೆ ಸೇರುತ್ತದೆ. ಆಳಂದದ ಕಡೆಯ ಮಳೆನೀರೂ ಅಮರ್ಜಾ ನದಿಯಾಗಿ ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಕೂಡುತ್ತದೆ. ಆ ಬಾಣದ ಗುರುತುಗಳನ್ನು ಅಳೆದು ಲೆಕ್ಕಕ್ಕೆ ತಂದವರು ಸರ್ ಎಂ. ವಿಶ್ವೇಶ್ವರಯ್ಯನವರು.

ಅವರು ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳುತ್ತಲೇ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು.

ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿ ಮುಠಾ ನದಿಗೆ ಕಟ್ಟಿದ ಕೆರೆಯಿದೆ. ಮಳೆಗಾಲದಲ್ಲಿ ತುಂಬಿ ಹರಿದುಹೋಗುತ್ತಿದ್ದ ನೀರನ್ನು ಹಿಡಿಯಲು ಅವರು ಅಲ್ಲಿ 1903ರಲ್ಲಿ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದರು. ನೀರು ಗೊತ್ತಾದ ಮಟ್ಟ ಮುಟ್ಟಿದರೆ ನೀರಿನ ಬಲದಿಂದಲೇ ಬಾಗಿಲು ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ಕಟ್ಟೆಯನ್ನು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ಆ ಮುಠಾ ಮುಂದೆ ಸೇರುವುದು ನಮ್ಮ ಭೀಮೆಗೇ.

ಆಗ ನಮ್ಮ ಮೂರೂ ತಾಲ್ಲೂಕುಗಳ ಸೀಮೆಗೆ ಹೈದರಾಬಾದೇ ರಾಜಧಾನಿ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಆ ನಗರದಲ್ಲಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ನಗರದ ದಂಡೆಯನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ಮೇಲ್ಭಾಗದಲ್ಲಿ ಎಷ್ಟು ಮಳೆ ಬಿತ್ತು, ಎಷ್ಟು ಕೆರೆ ಒಡೆದವು ಎಂದು ವಿಚಾರಿಸಿದರು. 200ಕ್ಕೂ ಹೆಚ್ಚು ಕೆರೆ ಒಡೆದಿದ್ದವು. ನೆರೆಯನ್ನು ಊರಿನ ಮೇಲೆಯೇ ತಡೆಯಬೇಕೆಂದು ಎರಡು ಜಲಾಶಯಗಳ ಯೋಜನೆ ಕೊಟ್ಟರು. ಅವೇ 1920ರಲ್ಲಿ ಮುಗಿದ ಉಸ್ಮಾನ್ ಸಾಗರ, 1927ರಲ್ಲಿ ಮುಗಿದ ಹಿಮಾಯತ್ ಸಾಗರ. ಜನರನ್ನು ಕೊಂದ ನೀರೇ ಮುಂದೆ ಕುಡಿಯುವ ನೀರಾಯಿತು.

ಆಮೇಲಿನದು ಎಲ್ಲರಿಗೂ ಗೊತ್ತಿದ್ದದ್ದೇ: ಮೈಸೂರಿನ ಮುಖ್ಯ ಇಂಜಿನಿಯರ್, ಕನ್ನಂಬಾಡಿ ಕಟ್ಟೆ, 1912ರಿಂದ 1918ರವರೆಗೆ ದಿವಾನಗಿರಿ, 1955ರಲ್ಲಿ ಭಾರತರತ್ನ. ನೂರು ವರ್ಷ ದಾಟಿ 1962ರಲ್ಲಿ ತೀರಿಕೊಂಡರು.

ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು. ಒಂದು ಕಟ್ಟೆಯನ್ನೂ ಕಟ್ಟಿಲ್ಲ. ಆದರೆ 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಊರೊಳಗೆ ಬಂದಾಗ, ನಮ್ಮ ಊರಲ್ಲಿ ಎಷ್ಟು ಮಳೆ ಬಿತ್ತೆಂದು ಕೇಳಿದರೆ ಹೇಳಲು ನನ್ನ ಬಳಿ ಲೆಕ್ಕವಿರಲಿಲ್ಲ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಎಕರೆಗೆ ಸುಮಾರು 4,000 ಲೀಟರ್ ನೀರು. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇಡೋಣ, ಖರ್ಚು ನನ್ನದು. ದಿನಾ ಬೆಳಿಗ್ಗೆ ಮಕ್ಕಳು ಅಳೆದು ವಹಿಯಲ್ಲಿ ಬರೆಯಲಿ. ಆ ಹಿರಿಯರಿಗೆ ಹಾರ ಹಾಕುವುದಕ್ಕಿಂತ ಅದೇ ಹೆಚ್ಚು ಒಪ್ಪುತ್ತದೆ.