ಬೀಗ ಹಾಕಿದ ಬಾಗಿಲ ಹಿಂದೆ ಗೆದ್ದ ಗುರು: ಜಾನ್ ಮೆಕ್‌ಲೆಂಡನ್

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಇತಿಹಾಸದಲ್ಲಿ 1943–44ರ ಋತು ಯೂಟಾ ವಿಶ್ವವಿದ್ಯಾಲಯದ ಹೆಸರಿನಲ್ಲಿ ದಾಖಲಾಗಿದೆ. 1944ರ ಮಾರ್ಚ್ 28ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಯೂಟಾ ತಂಡವು ಡಾರ್ಟ್‌ಮತ್ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 42–40 ಅಂಕಗಳಿಂದ ಮಣಿಸಿ ರಾಷ್ಟ್ರೀಯ ಪ್ರಶಸ್ತಿ ಗಳಿಸಿತು. ಆದರೆ ಅದೇ ತಿಂಗಳ 12ರಂದು, ದಕ್ಷಿಣದ ಡರ್ಹಾಂ ನಗರದಲ್ಲಿ ಇನ್ನೊಂದು ಪಂದ್ಯ ನಡೆದಿತ್ತು. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಮರುದಿನದ ಪತ್ರಿಕೆಗಳಲ್ಲಿ ಒಂದು ಸಾಲಿನ ವರದಿಯೂ ಇರಲಿಲ್ಲ. ಆ ಪಂದ್ಯದ ವಿಷಯ ಹೊರಜಗತ್ತಿಗೆ ತಿಳಿಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಆ ಪಂದ್ಯಕ್ಕೆ ಒಪ್ಪಿ, ಅದನ್ನು ನಡೆಸಿ, ಬಳಿಕ ಮೌನವಾಗಿದ್ದವರು ಜಾನ್ ಮೆಕ್‌ಲೆಂಡನ್. ಆಗ ಅವರಿಗೆ 28 ವರ್ಷ. ಅವರ ತಂಡ ಆ ಋತುವಿನಲ್ಲಿ ಒಂದೇ ಒಂದು ಪಂದ್ಯ ಸೋತಿತ್ತು. ಆದರೂ ದೇಶದ ದೊಡ್ಡ ಪಂದ್ಯಾವಳಿಗಳಿಂದ ಅದಕ್ಕೆ ಕರೆ ಬರಲಿಲ್ಲ. ಬರುವ ಸಂಭವವೂ ಇರಲಿಲ್ಲ. ಏಕೆಂದರೆ ತಂಡದವರೆಲ್ಲರೂ ಕೃಷ್ಣವರ್ಣೀಯರಾಗಿದ್ದರು.

ಆಟದ ಜನಕನ ಶಿಷ್ಯ

ಮೆಕ್‌ಲೆಂಡನ್ ಜನಿಸಿದ್ದು 1915ರ ಏಪ್ರಿಲ್ 5ರಂದು, ಕಾನ್ಸಾಸ್ ರಾಜ್ಯದ ಹಯವಾಥಾ ಎಂಬ ಊರಿನಲ್ಲಿ. ಕಾನ್ಸಾಸ್ ಸಿಟಿಯಲ್ಲಿ ಕೃಷ್ಣವರ್ಣೀಯರಿಗೆಂದೇ ಮೀಸಲಾಗಿದ್ದ ಸಮ್ನರ್ ಪ್ರೌಢಶಾಲೆಯಲ್ಲಿ ಓದಿದರು. ಬ್ಯಾಸ್ಕೆಟ್‌ಬಾಲ್ ಮೇಲೆ ಅಪಾರ ಪ್ರೀತಿ. ಆದರೆ ಶಾಲಾ ತಂಡದಲ್ಲಿ ಸ್ಥಾನ ಸಿಗಲಿಲ್ಲ. ಆಡಲಾಗದಿದ್ದರೇನು, ಕಲಿಸುವುದನ್ನು ಕಲಿಯಬೇಕೆಂಬ ಹಂಬಲ ಹುಡುಗನಲ್ಲಿ ಬೇರೂರಿತು.

ಈ ಆಟವನ್ನು 1891ರಲ್ಲಿ ರೂಪಿಸಿದ ಡಾ. ಜೇಮ್ಸ್ ನೈಸ್ಮಿತ್ ಆ ಹೊತ್ತಿಗೆ ಲಾರೆನ್ಸ್ ಪಟ್ಟಣದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ಆಟದ ಜನಕನೇ ಪಕ್ಕದ ಊರಿನಲ್ಲಿರುವಾಗ ಬೇರೆ ಗುರುವನ್ನು ಏಕೆ ಹುಡುಕಬೇಕು? ಮೆಕ್‌ಲೆಂಡನ್‌ರ ತಂದೆ 1933ರಲ್ಲಿ ಮಗನನ್ನು ಅಲ್ಲಿಗೆ ಕರೆತಂದು, ನೈಸ್ಮಿತ್‌ರನ್ನು ಕಾಣುವಂತೆ ಹೇಳಿ ಬಿಟ್ಟುಹೋದರು. ನೈಸ್ಮಿತ್ ಈ ಯುವಕನನ್ನು ಶಿಷ್ಯನಾಗಿ ಸ್ವೀಕರಿಸಿದರು.

ಆದರೆ ಗುರುವಿನ ಮನಸ್ಸು ತೆರೆದಿದ್ದಷ್ಟು ವಿಶ್ವವಿದ್ಯಾಲಯದ ಬಾಗಿಲುಗಳು ತೆರೆದಿರಲಿಲ್ಲ. ಅಲ್ಲಿನ ತಂಡದಲ್ಲಿ ಕೃಷ್ಣವರ್ಣೀಯರಿಗೆ ಸ್ಥಾನವಿರಲಿಲ್ಲ. ಮೊದಲ ಆಟಗಾರ ಆ ಅಂಗಿ ತೊಟ್ಟದ್ದು 1951ರಲ್ಲಿ. ಈಜುಕೊಳದಲ್ಲೂ ಅದೇ ನಿಷೇಧ. ದೈಹಿಕ ಶಿಕ್ಷಣದ ವಿದ್ಯಾರ್ಥಿಗಳಿಗೆ ಈಜು ಕಡ್ಡಾಯ. ಮೆಕ್‌ಲೆಂಡನ್ ಒಂದು ದಿನ ನೇರವಾಗಿ ಕೊಳಕ್ಕಿಳಿದು ಈಜಿದರು. ಅವರು ಮೇಲೆ ಬಂದ ಬಳಿಕ ಕೊಳದ ನೀರನ್ನೇ ಹೊರಗೆ ಬಿಡಲಾಯಿತು! ಅವರು ಹಿಂಜರಿಯಲಿಲ್ಲ, ಪಟ್ಟು ಸಡಿಲಿಸದೆ ವಾದಿಸಿದರು. ಕೊನೆಗೆ ಕೊಳ ಎಲ್ಲರಿಗೂ ಮುಕ್ತವಾಯಿತು.

ಲಾರೆನ್ಸ್‌ನ ಪ್ರೌಢಶಾಲೆಯಲ್ಲಿ ಕೃಷ್ಣವರ್ಣೀಯ ಹುಡುಗರಿಗೆ ಪ್ರತ್ಯೇಕ ತಂಡವಿತ್ತು. ವಿದ್ಯಾರ್ಥಿಯಾಗಿದ್ದಾಗಲೇ ಮೆಕ್‌ಲೆಂಡನ್ ಆ ತಂಡಕ್ಕೆ ತರಬೇತಿ ನೀಡತೊಡಗಿದರು. ತರಗತಿಯಲ್ಲಿ ನೈಸ್ಮಿತ್‌ರಿಂದ ಕೇಳಿದ ಪಾಠವನ್ನು ಅಂಕಣದಲ್ಲಿ ಪರೀಕ್ಷಿಸಲು ಅವರಿಗೆ ದೊರೆತ ಮೊದಲ ಪ್ರಯೋಗಶಾಲೆ ಅದು. 1936ರಲ್ಲಿ ಪದವಿ ಪಡೆದರು. ಆ ವಿಶ್ವವಿದ್ಯಾಲಯದಿಂದ ದೈಹಿಕ ಶಿಕ್ಷಣದಲ್ಲಿ ಪದವಿ ಗಳಿಸಿದ ಮೊದಲ ಕೃಷ್ಣವರ್ಣೀಯರು ಅವರೇ. ಮರುವರ್ಷ ಅಯೋವಾ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿಯೂ ದೊರೆಯಿತು.

ಓಟವೇ ಅಸ್ತ್ರ

1937ರಲ್ಲಿ ಮೆಕ್‌ಲೆಂಡನ್ ಡರ್ಹಾಂ ನಗರದ ನಾರ್ತ್ ಕೆರೊಲಿನಾ ಕಾಲೇಜ್ ಫಾರ್ ನೀಗ್ರೋಸ್ ಎಂಬ ಸಂಸ್ಥೆಯನ್ನು ಸೇರಿದರು. ಇಂದು ಅದು ನಾರ್ತ್ ಕೆರೊಲಿನಾ ಸೆಂಟ್ರಲ್ ವಿಶ್ವವಿದ್ಯಾಲಯ. 1940ರಲ್ಲಿ ಅವರು ಅಲ್ಲಿನ ಮುಖ್ಯ ತರಬೇತುದಾರರಾದರು.

ಆ ಕಾಲದ ಬ್ಯಾಸ್ಕೆಟ್‌ಬಾಲ್ ಮಂದಗತಿಯದು. ಆಟಗಾರರು ಚೆಂಡನ್ನು ನಿಧಾನವಾಗಿ ಮುಂದೊಯ್ದು, ಎದುರಾಳಿಗಳು ತಮ್ಮ ತಮ್ಮ ಸ್ಥಾನದಲ್ಲಿ ನಿಂತ ಮೇಲೆ ದಾಳಿ ಆರಂಭಿಸುತ್ತಿದ್ದರು. ಪ್ರತಿ ಬಾಸ್ಕೆಟ್ ಬಿದ್ದ ನಂತರವೂ ಅಂಕಣದ ನಡುವೆ ಚೆಂಡನ್ನು ಮೇಲೆಸೆದು ಆಟ ಪುನರಾರಂಭಿಸುವ ಪದ್ಧತಿ 1937ರವರೆಗೂ ಇತ್ತು. ಅದು ರದ್ದಾದಾಗ ತೆರೆದುಕೊಂಡ ಅವಕಾಶವನ್ನು ಮೆಕ್‌ಲೆಂಡನ್ ಚೆನ್ನಾಗಿ ಗುರುತಿಸಿದರು. ಚೆಂಡು ಕೈಗೆ ಸಿಕ್ಕ ಕೂಡಲೇ ಓಡಬೇಕು. ಎದುರಾಳಿ ಸಾವರಿಸಿಕೊಳ್ಳುವುದರೊಳಗೆ ಬುಟ್ಟಿಯ ಬಳಿ ಇರಬೇಕು. ಚೆಂಡು ಕಳೆದುಕೊಂಡರೆ ಹಿಂದಕ್ಕೆ ಸರಿಯದೆ, ಕಳೆದುಕೊಂಡ ಜಾಗದಲ್ಲಿಯೇ ರಕ್ಷಣೆ ಆರಂಭಿಸಬೇಕು. ಆಟವು ಅಂಕಣದ ಅರ್ಧಕ್ಕೆ ಸೀಮಿತವಲ್ಲ, ಇಡೀ ಅಂಕಣಕ್ಕೆ ಸೇರಿದ್ದು ಎಂಬ ಈ ತಿಳಿವಳಿಕೆಯನ್ನು ಅವರು ನೈಸ್ಮಿತ್‌ರಿಂದಲೇ ಪಡೆದಿದ್ದರು. ಮುಂದೆ ಫಾಸ್ಟ್ ಬ್ರೇಕ್ ಎಂದು ಹೆಸರಾದ ಶೈಲಿಯನ್ನು ಶಾಸ್ತ್ರೀಯವಾಗಿ ರೂಪಿಸಿದವರಲ್ಲಿ ಅವರು ಅಗ್ರಗಣ್ಯರು. ಇದಕ್ಕೆ ಬೇಕಾದದ್ದು ದಣಿವರಿಯದ ದೇಹ. ಹೀಗಾಗಿ ಅವರ ಅಭ್ಯಾಸದಲ್ಲಿ ಚೆಂಡಿನಷ್ಟೇ ಓಟಕ್ಕೂ ಮಹತ್ವವಿತ್ತು.

1943–44ರ ಹೊತ್ತಿಗೆ ಈ ತಂಡವನ್ನು ತಡೆಯುವವರು ವಿರಳರಾಗಿದ್ದರು. ಆದರೆ ದಕ್ಷಿಣದ ರಾಜ್ಯಗಳಲ್ಲಿ ವರ್ಣಭೇದ ಕಾನೂನೇ ಆಗಿತ್ತು. ಶಾಲೆ, ಬಸ್ಸು, ಉಪಾಹಾರಗೃಹ, ಆಸ್ಪತ್ರೆ ಎಲ್ಲೆಡೆ ಪಂಕ್ತಿಭೇದ. ಕೃಷ್ಣವರ್ಣೀಯರ ಕಾಲೇಜುಗಳು ತಮ್ಮತಮ್ಮಲ್ಲೇ ಆಡಬೇಕಿತ್ತು. ಅದೇ ಊರಿನ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಆ ವರ್ಷ ಸದರ್ನ್ ಕಾನ್ಫರೆನ್ಸ್ ಪ್ರಶಸ್ತಿ ಗೆದ್ದಿತ್ತು. ಎರಡು ಸಂಸ್ಥೆಗಳ ನಡುವಿನ ದೂರ ಕೆಲವೇ ಮೈಲಿ. ಆದರೂ ಎರಡು ತಂಡಗಳು ಎದುರುಬದುರಾಗುವುದು ಕಲ್ಪನೆಗೂ ಮೀರಿದ ಮಾತಾಗಿತ್ತು.

ಮಾರ್ಚ್ 12ರ ಭಾನುವಾರ

ಯುದ್ಧದ ಕಾಲವದು. ಡ್ಯೂಕ್‌ನ ವೈದ್ಯಕೀಯ ಶಾಲೆಯಲ್ಲಿ ಸೇನಾ ಯೋಜನೆಯಡಿ ಓದುತ್ತಿದ್ದ ಕೆಲವರು ಹಿಂದೆ ಬೇರೆ ಬೇರೆ ವಿಶ್ವವಿದ್ಯಾಲಯಗಳ ಪರ ಆಡಿದ ಉತ್ತಮ ಆಟಗಾರರು. ಅವರ ತಂಡ ಊರಿನಲ್ಲೇ ಶ್ರೇಷ್ಠವೆಂಬ ಹೆಸರು ಪಡೆದಿತ್ತು. ಎರಡೂ ಕಾಲೇಜುಗಳ ಕೆಲವು ವಿದ್ಯಾರ್ಥಿಗಳು ವೈಎಂಸಿಎ ಪ್ರಾರ್ಥನಾ ಕೂಟಗಳಲ್ಲಿ ಗುಟ್ಟಾಗಿ ಸೇರುತ್ತಿದ್ದರು. ಅಲ್ಲಿ ಯಾರ ತಂಡ ಮೇಲು ಎಂಬ ಚರ್ಚೆ ಹುಟ್ಟಿ, ಸವಾಲಿನ ರೂಪ ತಾಳಿ ಮೆಕ್‌ಲೆಂಡನ್‌ರ ಬಳಿ ಬಂತು.

ಒಪ್ಪುವುದು ಸುಲಭವಾಗಿರಲಿಲ್ಲ. ವಿಷಯ ಬಯಲಾದರೆ ಅವರ ಕೆಲಸ ಹೋಗಬಹುದಿತ್ತು, ಕಾಲೇಜಿಗೇ ಕುತ್ತು ಬರಬಹುದಿತ್ತು, ಆಟಗಾರರ ಪ್ರಾಣಕ್ಕೂ ಅಪಾಯವಿತ್ತು. ಆ ಭಯ ಉತ್ಪ್ರೇಕ್ಷೆಯದಲ್ಲ. ಅದೇ ವರ್ಷದ ಜುಲೈ 8ರಂದು ಡರ್ಹಾಂನಲ್ಲಿ, ಬಸ್ಸಿನ ಹಿಂಬದಿಯ ಆಸನಕ್ಕೆ ಹೋಗುವ ವಿಷಯದಲ್ಲಿ ಎದ್ದ ಮಾತಿನ ಬಳಿಕ, ಬುಕರ್ ಸ್ಪೈಸ್ಲಿ ಎಂಬ ಕೃಷ್ಣವರ್ಣೀಯ ಯೋಧನನ್ನು ಬಸ್ ಚಾಲಕ ಗುಂಡಿಟ್ಟು ಕೊಂದ. ಶ್ವೇತವರ್ಣೀಯ ಚಾಲಕನನ್ನು ನ್ಯಾಯಾಲಯ ಖುಲಾಸೆಗೊಳಿಸಿತು.

ಇಷ್ಟೆಲ್ಲ ತಿಳಿದೂ ಮೆಕ್‌ಲೆಂಡನ್ ಒಪ್ಪಿದರು. ಊರಿನ ಬಹುಪಾಲು ಜನ ಚರ್ಚಿನಲ್ಲಿರುವ ಭಾನುವಾರದ ಮುಂಜಾನೆಯನ್ನು ಆರಿಸಲಾಯಿತು. ಡ್ಯೂಕ್ ಆಟಗಾರರು ಎರವಲು ಕಾರುಗಳಲ್ಲಿ, ಸುತ್ತುಬಳಸಿನ ದಾರಿಯಲ್ಲಿ, ಮುಖ ಮರೆಸಿಕೊಂಡು ಬಂದರು. ಅವರು ವ್ಯಾಯಾಮಶಾಲೆಯ ಒಳಹೊಕ್ಕ ಮೇಲೆ ಬಾಗಿಲಿಗೆ ಬೀಗ ಬಿತ್ತು. ಗುಟ್ಟು ತಿಳಿದ ಕೆಲವು ವಿದ್ಯಾರ್ಥಿಗಳು ಮಾತ್ರ ಕಿಟಕಿ ಹತ್ತಿ ಇಣುಕಿದರು. ಒಳಗೆ ರೆಫರಿಯಿದ್ದರು, ಗಡಿಯಾರವಿತ್ತು. ನಿಯಮಗಳಂತೆ ಪೂರ್ಣಾವಧಿಯ ಪಂದ್ಯ ನಡೆಯಿತು.

ಆರಂಭದಲ್ಲಿ ಎರಡೂ ಕಡೆಯವರ ಕೈ ನಡುಗಿತು. ಬೇರೆ ವರ್ಣದವರ ಮೈಗೆ ಮೈ ತಾಗಿಸಿ ಆಡುವುದು ಹಲವರಿಗೆ ಅದೇ ಮೊದಲು. ಸುಲಭದ ಎಸೆತಗಳೂ ಗುರಿ ತಪ್ಪಿದವು. ಕ್ರಮೇಣ ಮೆಕ್‌ಲೆಂಡನ್‌ರ ಹುಡುಗರು ತಮ್ಮ ಓಟವನ್ನು ಕಂಡುಕೊಂಡರು. ಇಂತಹ ವೇಗವನ್ನು ಡ್ಯೂಕ್ ಆಟಗಾರರು ಎದುರಿಸಿರಲಿಲ್ಲ. ಅಂತಿಮ ಫಲಿತಾಂಶ 88–44. ನಿಖರವಾಗಿ ಎರಡು ಪಟ್ಟು!

ಪಂದ್ಯ ಅಲ್ಲಿಗೇ ಮುಗಿಯಲಿಲ್ಲ. ಸ್ವಲ್ಪ ವಿಶ್ರಾಂತಿಯ ನಂತರ ಎರಡೂ ತಂಡಗಳವರು ಬೆರೆತು, ಒಂದು ಪಾಳಿ ಅಂಗಿ ತೊಟ್ಟು, ಇನ್ನೊಂದು ಪಾಳಿ ಅಂಗಿ ಕಳಚಿ ಮತ್ತೊಂದು ಆಟ ಆಡಿದರು. ಮೈಬಣ್ಣದ ಬದಲು ಅಂಗಿಯೇ ಪಕ್ಷವನ್ನು ನಿರ್ಧರಿಸಿತು. ಬಳಿಕ ವಿದ್ಯಾರ್ಥಿನಿಲಯದಲ್ಲಿ ಕುಳಿತು ಮಾತನಾಡಿ, ಬಂದವರು ಬಂದಂತೆಯೇ ಮರಳಿದರು. ಸುದ್ದಿಯ ಸುಳಿವು ಹಿಡಿದಿದ್ದ ಸ್ಥಳೀಯ ಕೃಷ್ಣವರ್ಣೀಯ ಪತ್ರಿಕೆಯ ವರದಿಗಾರರೊಬ್ಬರು, ಎಲ್ಲರ ಕ್ಷೇಮಕ್ಕಾಗಿ ಬರೆಯದಿರಲು ಒಪ್ಪಿದರು.

ತೆರೆದ ಬಾಗಿಲಿನತ್ತ

ತಮ್ಮ ತಂಡ ಯಾವ ಮಟ್ಟದ್ದೆಂಬುದು ಮೆಕ್‌ಲೆಂಡನ್‌ರಿಗೆ ಈಗ ಖಚಿತವಾಗಿತ್ತು. ಆದರೆ ಹೇಳಿಕೊಳ್ಳಲಾಗದ ಗೆಲುವಿನಿಂದ ಆಟಗಾರನಿಗೆ ಪದಕವೂ ಇಲ್ಲ, ಮುಂದಿನ ದಾರಿಯೂ ಇಲ್ಲ. ಅವರ ಮುಂದಿನ ಹದಿನೈದು ವರ್ಷಗಳ ದುಡಿಮೆಯೆಲ್ಲ ಅದೇ ಗೆಲುವನ್ನು ಜನರೆದುರು ಸಾಧಿಸಲು ಮೀಸಲಾಯಿತು.

1946ರಲ್ಲಿ ಕೃಷ್ಣವರ್ಣೀಯ ಕಾಲೇಜುಗಳ ಒಕ್ಕೂಟವಾದ ಸಿಐಎಎಯ ವಾರ್ಷಿಕ ಪಂದ್ಯಾವಳಿ ಆರಂಭವಾಯಿತು. ಅದನ್ನು ಹುಟ್ಟುಹಾಕಿದವರಲ್ಲಿ ಮೆಕ್‌ಲೆಂಡನ್ ಒಬ್ಬರು. ಮೊದಲ ಪ್ರಶಸ್ತಿಯೂ ಅವರ ತಂಡದ್ದೇ. 1950ರಲ್ಲಿ ಅವರ ಶಿಷ್ಯ ಹೆರಾಲ್ಡ್ ಹಂಟರ್ ಎನ್‌ಬಿಎ ತಂಡವೊಂದರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ಮೊದಲ ಕೃಷ್ಣವರ್ಣೀಯರೆನಿಸಿದರು. ಮುಂದೆ ಬಾಸ್ಟನ್ ಸೆಲ್ಟಿಕ್ಸ್ ಪರ ಹತ್ತು ಪ್ರಶಸ್ತಿ ಗೆದ್ದ ಸ್ಯಾಮ್ ಜೋನ್ಸ್ ಕೂಡ ಕಾಲೇಜಿನ ಆರಂಭದ ದಿನಗಳಲ್ಲಿ ಅವರಿಂದ ಪಾಠ ಕಲಿತವರು.

ರಾಷ್ಟ್ರೀಯ ಪಂದ್ಯಾವಳಿಯ ಬಾಗಿಲು ಮಾತ್ರ ಮುಚ್ಚಿಯೇ ಇತ್ತು. ಕಾನ್ಸಾಸ್ ಸಿಟಿಯಲ್ಲಿ ಸಣ್ಣ ಕಾಲೇಜುಗಳಿಗಾಗಿ 1937ರಲ್ಲಿ ಪಂದ್ಯಾವಳಿಯೊಂದು ಆರಂಭವಾಗಿತ್ತು. ಅದರ ಸ್ಥಾಪಕರಲ್ಲಿ ನೈಸ್ಮಿತ್ ಕೂಡ ಇದ್ದರು ಎಂಬುದು ಗಮನಾರ್ಹ. ಗುರು ನೆಟ್ಟ ಗಿಡದ ನೆರಳು ಶಿಷ್ಯನಿಗೆ ದೊರೆಯದಂತಹ ಸ್ಥಿತಿ! 1948ರವರೆಗೆ ಅಲ್ಲಿ ಒಬ್ಬನೇ ಒಬ್ಬ ಕೃಷ್ಣವರ್ಣೀಯ ಆಟಗಾರನಿಗೂ ಅವಕಾಶವಿರಲಿಲ್ಲ. ಆ ವರ್ಷ ಇಂಡಿಯಾನಾ ಸ್ಟೇಟ್ ತಂಡದ ಕ್ಲಾರೆನ್ಸ್ ವಾಕರ್ ಆಡಿ ಗೋಡೆಯಲ್ಲಿ ಮೊದಲ ಬಿರುಕು ಮೂಡಿಸಿದರು. ಕೃಷ್ಣವರ್ಣೀಯ ಕಾಲೇಜುಗಳಿಗೂ ಪ್ರವೇಶ ನೀಡಬೇಕೆಂದು ಮೆಕ್‌ಲೆಂಡನ್ ಮತ್ತು ಸಂಗಡಿಗರು ವರ್ಷಗಟ್ಟಲೆ ಒತ್ತಾಯಿಸಿದರು. 1953ರಲ್ಲಿ ಎನ್‌ಎಐಎ ಸಂಸ್ಥೆ ಮಣಿಯಿತು.

1954ರಲ್ಲಿ ಮೆಕ್‌ಲೆಂಡನ್ ನ್ಯಾಷ್‌ವಿಲ್‌ನ ಟೆನೆಸ್ಸಿ ಎ ಅಂಡ್ ಐ ಕಾಲೇಜಿಗೆ ಬಂದರು. ಕಾನ್ಸಾಸ್ ಸಿಟಿಯಿಂದ ಕರೆ ಬಂದಾಗ ಅವರು ಷರತ್ತು ಹಾಕಿದರು. ಉಳಿದ ತಂಡಗಳು ತಂಗುವ ಹೋಟೆಲಿನಲ್ಲಿಯೇ ತಮ್ಮ ಹುಡುಗರೂ ತಂಗಬೇಕು, ಅವರು ಉಣ್ಣುವಲ್ಲಿಯೇ ಇವರೂ ಉಣ್ಣಬೇಕು. ಇಲ್ಲವಾದರೆ ತಂಡ ಬರುವುದಿಲ್ಲ. ಷರತ್ತಿಗೆ ಒಪ್ಪಿಗೆ ದೊರೆಯಿತು. ಅಂಕಣದಲ್ಲಿ ಸಮಾನತೆ, ಊಟದ ಮನೆಯಲ್ಲಿ ಭೇದ ಎಂಬ ಅರೆಬರೆ ನ್ಯಾಯ ಅವರಿಗೆ ಬೇಕಿರಲಿಲ್ಲ.

ಬಳಿಕದ್ದು ಇತಿಹಾಸ. 1957, 1958 ಮತ್ತು 1959ರಲ್ಲಿ ಅವರ ತಂಡ ಸತತ ಮೂರು ಬಾರಿ ಎನ್‌ಎಐಎ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಎರಡೂ ವರ್ಣದವರು ಪಾಲ್ಗೊಂಡ ರಾಷ್ಟ್ರೀಯ ಪಂದ್ಯಾವಳಿಯನ್ನು ಕೃಷ್ಣವರ್ಣೀಯ ಕಾಲೇಜೊಂದು ಗೆದ್ದದ್ದು ಅದೇ ಮೊದಲು. ಸತತ ಮೂರು ರಾಷ್ಟ್ರೀಯ ಕಾಲೇಜು ಪ್ರಶಸ್ತಿಗಳನ್ನು ಗೆದ್ದ ಮೊದಲ ತರಬೇತುದಾರ ಎಂಬ ಕೀರ್ತಿಯೂ ಮೆಕ್‌ಲೆಂಡನ್‌ರದಾಯಿತು. ಆ ತಂಡದ ಡಿಕ್ ಬಾರ್ನೆಟ್ ಮುಂದೆ ನ್ಯೂಯಾರ್ಕ್ ನಿಕ್ಸ್ ಪರ ಎನ್‌ಬಿಎ ಪ್ರಶಸ್ತಿ ಗೆದ್ದರು.

ಮೊದಲಿಗರಾಗಿ ನಡೆದ ಹಾದಿ

ಮೆಕ್‌ಲೆಂಡನ್‌ರ ನಂತರದ ಬದುಕಿನಲ್ಲಿ ಮೊದಲಿಗ ಎಂಬ ಪದ ಮತ್ತೆ ಮತ್ತೆ ಎದುರಾಗುತ್ತದೆ. 1961ರಲ್ಲಿ ಕ್ಲೀವ್‌ಲ್ಯಾಂಡ್ ಪೈಪರ್ಸ್ ತಂಡದ ಮೂಲಕ ವೃತ್ತಿಪರ ಲೀಗ್‌ನಲ್ಲಿ ಮುಖ್ಯ ತರಬೇತುದಾರರಾದ ಮೊದಲ ಕೃಷ್ಣವರ್ಣೀಯರಲ್ಲಿ ಒಬ್ಬರಾದರು. 1966ರಲ್ಲಿ ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ನೇಮಕಗೊಂಡಾಗ, ಶ್ವೇತವರ್ಣೀಯರೇ ಬಹುಸಂಖ್ಯಾತರಾಗಿದ್ದ ವಿಶ್ವವಿದ್ಯಾಲಯದ ತಂಡವನ್ನು ಮುನ್ನಡೆಸಿದ ಮೊದಲಿಗರೆನಿಸಿದರು. 1969ರಲ್ಲಿ ಡೆನ್ವರ್ ರಾಕೆಟ್ಸ್ ತಂಡಕ್ಕೂ ಅಲ್ಪಕಾಲ ತರಬೇತಿ ನೀಡಿದರು. ಫಾಸ್ಟ್ ಬ್ರೇಕ್ ಆಟವನ್ನು ಕುರಿತ ಅವರ ಪುಸ್ತಕ 1965ರಲ್ಲಿ ಪ್ರಕಟವಾಯಿತು.

1979ರಲ್ಲಿ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಅವರನ್ನು ಬರಮಾಡಿಕೊಂಡಿತು. ಆದರೆ ಅದು ಆಟಕ್ಕೆ ಕೊಡುಗೆ ನೀಡಿದವರ ಸಾಲಿನಲ್ಲಿ, ತರಬೇತುದಾರರ ಸಾಲಿನಲ್ಲಲ್ಲ. ಆ ಮನ್ನಣೆ ಬಂದದ್ದು 2016ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಹದಿನೇಳು ವರ್ಷಗಳಾಗುತ್ತಿದ್ದವು. 1999ರ ಅಕ್ಟೋಬರ್ 8ರಂದು, 84ನೆಯ ವಯಸ್ಸಿನಲ್ಲಿ ಅವರು ನಿಧನರಾಗಿದ್ದರು.

ಆದರೆ 1944ರ ಗುಟ್ಟು ಬಯಲಾದುದನ್ನು ಅವರು ಕಂಡರು. ಇತಿಹಾಸಕಾರ ಸ್ಕಾಟ್ ಎಲ್ಸ್‌ವರ್ತ್ ಆ ಪಂದ್ಯದ ವಿವರಗಳನ್ನು ಕಲೆಹಾಕಿ 1996ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಸಾಪ್ತಾಹಿಕದಲ್ಲಿ ಬರೆದರು. 52 ವರ್ಷಗಳ ಬಳಿಕ ಆ ಫಲಿತಾಂಶ ಮೊದಲ ಬಾರಿಗೆ ಅಚ್ಚಾಯಿತು. 2024ರ ಏಪ್ರಿಲ್‌ನಲ್ಲಿ ಟೆನೆಸ್ಸಿ ಎ ಅಂಡ್ ಐ ತಂಡದ ಬದುಕುಳಿದಿದ್ದ ವೃದ್ಧ ಆಟಗಾರರಿಗೆ ಶ್ವೇತಭವನದಲ್ಲಿ ಗೌರವ ಸಂದಿತು. ಗೆದ್ದಾಗ ಅವರಿಗೆ ಅಂತಹ ಆಹ್ವಾನ ಬಂದಿರಲಿಲ್ಲ.

ಡರ್ಹಾಂನ ವಿಶ್ವವಿದ್ಯಾಲಯದ ಕ್ರೀಡಾಂಗಣ ಇಂದು ಮೆಕ್‌ಲೆಂಡನ್‌ರ ಹೆಸರನ್ನು ಹೊತ್ತಿದೆ. ಚಳಿಗಾಲದ ಪ್ರತಿ ಋತುವಿನಲ್ಲೂ ಅಲ್ಲಿ ಎಲ್ಲ ವರ್ಣದ ಆಟಗಾರರು ಜನರ ಕಣ್ಣೆದುರು ಆಡುತ್ತಾರೆ. ಫಲಿತಾಂಶ ಅದೇ ದಿನ ಊರಿಗೆಲ್ಲ ತಿಳಿಯುತ್ತದೆ.