ಥಿಯೇಟರನ್ನೇ ಊರೂರಿಗೆ ಹೊತ್ತು ತಿರುಗಿದ ಗುಬ್ಬಿ ವೀರಣ್ಣ

ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಸನ್ಮಾನ, ಸಭೆ, ನಾಟಕ ಅಂತ ಏನಾದರೊಂದು ನಡೀತಾನೇ ಇರುತ್ತೆ. ಆದರೆ ಬೋರ್ಡಿನ ಮೇಲೆ ಹೆಸರಿರುವ ಮನುಷ್ಯ ಥಿಯೇಟರನ್ನೇ ಗಂಟುಮೂಟೆ ಕಟ್ಟಿಕೊಂಡು ಊರೂರು ತಿರುಗಿದವರು.

ವೀರಣ್ಣ ಹುಟ್ಟಿದ್ದು 1891ರಲ್ಲಿ, ಗುಬ್ಬಿಯಲ್ಲಿ. ಅದಕ್ಕೂ ಮೊದಲೇ, 1884ರಲ್ಲಿ, ಊರಿನವರು ಚನ್ನಬಸವೇಶ್ವರ ಸ್ವಾಮಿ ಹೆಸರಲ್ಲಿ ನಾಟಕ ಕಂಪನಿ ಶುರು ಮಾಡಿದ್ದರು. ಸಣ್ಣ ಹುಡುಗ ಇದ್ದಾಗಲೇ ವೀರಣ್ಣ ಅದಕ್ಕೆ ಸೇರಿಕೊಂಡರು. ಸದಾರಮೆ ನಾಟಕದ ಕಳ್ಳನ ಪಾತ್ರ ದೊಡ್ಡ ಹೆಸರು ತಂದುಕೊಟ್ಟಿತು. 1917ರಲ್ಲಿ ಕಂಪನಿಯ ಭಾರ ಪೂರ್ತಿ ಅವರ ಹೆಗಲಿಗೇ ಬಿತ್ತು.

ಭಾರ ಅಂದರೆ ನಿಜವಾಗಲೂ ಭಾರ. ನಟರು, ಹಾರ್ಮೋನಿಯಂನವರು, ಪರದೆ ಬರೆಯೋರು, ಬಡಗಿಗಳು, ಅಡುಗೆಯವರು, ಮಕ್ಕಳುಮರಿ ಎಲ್ಲ ಸೇರಿ ಕಂಪನಿಯೇ ಒಂದು ಸಣ್ಣ ಊರು. ಬಯಲಲ್ಲಿ ಕಂಬ ನೆಟ್ಟು ರಂಗ ಕಟ್ಟಬೇಕು, ಜನ ಕಮ್ಮಿ ಆದರೆ ಎಲ್ಲ ಬಿಚ್ಚಿ ಮುಂದಿನ ಊರಿಗೆ ಹೊರಡಬೇಕು. ಕ್ಯಾಂಪ್ ಬಿತ್ತು ಅಂದರೆ ಅಕ್ಕಪಕ್ಕದ ಹೋಟೆಲು, ಹೂವಿನಂಗಡಿಗೂ ವ್ಯಾಪಾರ. ಮಳೆ ಹಿಡಿದರೆ ಕಲೆಕ್ಷನ್ ಇಲ್ಲ, ಆದರೆ ಅಷ್ಟೂ ಜನರ ಊಟ ನಿಲ್ಲಿಸೋ ಹಾಗಿಲ್ಲ.

ಇಷ್ಟರ ಮಧ್ಯೆಯೂ 1934ರಲ್ಲಿ ಕುರುಕ್ಷೇತ್ರ ಆಡಿಸಿದಾಗ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಮದುವೆಗೆ ಪೆಂಡಾಲ್ ಹಾಕಿಸಿ ಸುಸ್ತಾದವರಿಗೆ ಇದೆಂಥ ಕೆಲಸ ಅಂತ ಗೊತ್ತಾಗುತ್ತೆ. ಗಂಡಸರೇ ಸೀರೆ ಉಟ್ಟು ಪಾತ್ರ ಮಾಡ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆತಂದರು. ಬಿ. ಜಯಮ್ಮ ಅವರಲ್ಲಿ ದೊಡ್ಡ ಹೆಸರು.

ಆಮೇಲೆ ಟಾಕಿ ಬಂತು. ನಾಟಕದ ಹೊಟ್ಟೆ ಮೇಲೆ ಹೊಡೆಯೋದು ಅದೇ ಅಂತ ಗೊತ್ತಿದ್ದೂ ವೀರಣ್ಣ ದೂರ ನಿಲ್ಲಲಿಲ್ಲ, ತಾವೇ ಸಿನಿಮಾಕ್ಕೆ ದುಡ್ಡು ಹಾಕಿದರು. 1954ರ ಬೇಡರ ಕಣ್ಣಪ್ಪದ ನಿರ್ಮಾಣದಲ್ಲಿ ಅವರ ಪಾಲಿತ್ತು. ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿದ್ದ ಮುತ್ತುರಾಜ ಅದರಲ್ಲಿ ನಾಯಕನಾಗಿ ರಾಜ್‌ಕುಮಾರ್ ಆದರು. ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಅದೇ ಚಿತ್ರದಲ್ಲಿದ್ದರು. ಜನ ಅವರನ್ನು ನೋಡೋಕೆ ಟೆಂಟಿಗಲ್ಲ, ಟಾಕೀಸಿಗೆ ಹೋದರು.

1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ವೀರಣ್ಣ ತೀರಿಕೊಂಡರು.

ಕಂಪನಿಗೆ ಸೇರಿದ್ದ ಇನ್ನೊಬ್ಬ ಹುಡುಗನನ್ನು ವೀರಣ್ಣನೇ ಓದಲಿ ಅಂತ ಕಾಶಿಗೆ ಕಳಿಸಿದ್ದರು. ಅವರೇ ಬಿ.ವಿ. ಕಾರಂತ. 1989ರಲ್ಲಿ ಮೈಸೂರಿನ ರಂಗಾಯಣ ಶುರುವಾದಾಗ ಅದನ್ನು ಕಟ್ಟಿ ನಿಲ್ಲಿಸಿದವರೂ ಅವರೇ. ಅಲ್ಲಿನ ನಟರಿಗೆ ತಿಂಗಳ ಸಂಬಳ, ಕಾಯಂ ರಂಗಮಂದಿರ. ಮಳೆ ಬಂದರೂ ನಾಟಕ ನಡೆಯುತ್ತೆ.